ಬಿಲಾತಿಯ ಬಡತನಕ್ಕೆ ಸ್ಕೋಕಿಯಲ್ಲಿ ಸಾಕ್ಷಿ

ನೋವೈ, ಹೂವು ಬಂದ ದಿನ

ಅಮೇರಿಕಾಕ್ಕೆ ಹೋದ ಎರಡನೇ ವಾರಕ್ಕೇ ನಾನು ಸತ್ತೆನೆಂದು ನೋವೈ ಊರಿನ ಮಗಳ ಮನೆಗೆ ಹೂವು ಬಂತು. ಬಿಳಿ ಹೂವಿನ ದೊಡ್ಡ ಗುಚ್ಛ, ಸುತ್ತ ಮಿರಮಿರ ಕಾಗದ, ಜೊತೆಗೊಂದು ಚೀಟಿ. ಮಗಳು ಸುಮಿತ್ರಾ ಚೀಟಿ ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಚೀಟಿ ಓದಿದಳು.

"ಅಮ್ಮಾ, ಇನ್ಶೂರೆನ್ಸ್‌ನೋರು ಕಳ್ಸಿದಾರೆ. ನಿಮ್ಮ ಮನೇಲಾದ ಸಾವಿಗೆ ನಮ್ಮ ಸಂತಾಪ ಅಂತೆ. ಯಾರಮ್ಮಾ ಸತ್ತಿದ್ದು?"

ಆ ಮನೆಯಲ್ಲಿ ಸಾಯುವ ವಯಸ್ಸಿನವಳು ನಾನೊಬ್ಬಳೇ. "ನಾನಂತೂ ಅಲ್ಲ ಕಣೆ. ಈಗ್ತಾನೆ ಮುದ್ದೆ ಉಂಡು ಕೈ ತೊಳ್ದಿವ್ನಿ" ಎಂದೆ.

ಆದದ್ದು ಇಷ್ಟು. ಎರಡು ದಿನದ ಹಿಂದೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗಿದ್ದರು. ಕಿಟಕಿಯಲ್ಲಿ ನೋಡುತ್ತೇನೆ, ಒಬ್ಬ ದಢೂತಿ ಮನುಷ್ಯ ಕಾರಿನಿಂದ ಇಳಿದು, ಕೈಯಲ್ಲಿ ಹಲಗೆಯಂಥದ್ದೊಂದು ಹಿಡಿದು ನಮ್ಮ ಕಿಟಕಿಗಳನ್ನು ಎಣಿಸುತ್ತಿದ್ದಾನೆ. ಹಲಗೆ ಹಿಡಿದು ಮನೆ ಎಣಿಸುವವನು ಯಾವ ದೇಶದಲ್ಲಿದ್ದರೂ ಒಂದೇ ಜಾತಿ. ನಮ್ಮ ಮಳವಳ್ಳಿಯಲ್ಲಿ ರೇಷನ್ ಕಾರ್ಡಿನ ತನಿಖೆಯವರು ಬಂದರೆ ಎರಡು ಬೀದಿ ಆಚೆಯಿಂದಲೇ ಸುದ್ದಿ ಬರುತ್ತಿತ್ತು. ಟಿವಿಗೆ ಕಂಬಳಿ, ಮಿಕ್ಸಿಗೆ ಭತ್ತದ ವಾಡೆ, ಎಮ್ಮೆಗೆ ಪಕ್ಕದ ಸಿದ್ದಮ್ಮನ ಕೊಟ್ಟಿಗೆ. ಸಿದ್ದಮ್ಮನ ಸರದಿ ಬಂದಾಗ ಅವಳ ಎಮ್ಮೆ ನಮ್ಮ ಕೊಟ್ಟಿಗೆಗೆ. ಎಮ್ಮೆಗಳಿಗೂ ದಾರಿ ಅಭ್ಯಾಸವಾಗಿತ್ತು.

ನೋವೈಯಲ್ಲೂ ಕೈ ತಾನಾಗಿಯೇ ಓಡಿತು. ಮಗಳ ಮನೆಯ ಟಿವಿ ಬಾಗಿಲಿನಷ್ಟಗಲ, ಅದಕ್ಕೊಂದು ದುಪ್ಪಟಿ. ಫ್ರಿಜ್ಜು ಬೀರುವಿನಷ್ಟೆತ್ತರ; ಅದಕ್ಕೆ ಎರಡು. ನಿಲುವುಗನ್ನಡಿ, ಸೋಫಾ, ನಿಂತಲ್ಲೇ ಓಡುವ ಯಂತ್ರ, ಎಲ್ಲಕ್ಕೂ ಹೊದಿಸಿದೆ. ಆ ಮನೆಯಲ್ಲಿ ಇದ್ದಬದ್ದ ದುಪ್ಪಟಿಯೆಲ್ಲ ಬಿಳಿ. ಕೆಡಿಸಿದ್ದು ಅದೇ. ನಾನು ಓಲೆ ಬಿಚ್ಚಿಟ್ಟು, ಹಳೇ ಸೀರೆ ಸುತ್ತಿ, ಸೆರಗು ಹೊದ್ದು ಬಾಗಿಲು ತೆಗೆದೆ. ಆ ಮನುಷ್ಯ ಒಳಗೆ ಇಣುಕಿದವನೇ ಟೋಪಿ ತೆಗೆದ. ಎದೆ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದ. ನನಗೆ ಬರುವ ಇಂಗ್ಲಿಷು "ನೋ, ನೋ, ನಥಿಂಗ್". ಅದನ್ನೇ ಹೇಳಿದೆ. ತಲೆ ತಗ್ಗಿಸಿ ಹೊರಟುಹೋದ. ನಮ್ಮಲ್ಲಿ ಯಾವ ತನಿಖೆಯವನೂ ಅಷ್ಟು ಬೇಗ ಹೋದದ್ದಿಲ್ಲ. ನನಗೆ ಬಹಳ ಹೆಮ್ಮೆಯಾಗಿತ್ತು.

ಅಳಿಯ ರಘು ಕಾರಿನ ಬ್ರೇಕು ತಯಾರಿಸುವ ಎಂಜಿನಿಯರು. ಮನುಷ್ಯನೂ ಹಾಗೇ, ಮಾತು ಹೊರಡುವ ಮೊದಲೇ ನಿಲ್ಲಿಸುತ್ತಾನೆ. ಆವತ್ತು ಮಾತ್ರ ಕೊಂಚ ಜಾಸ್ತಿ ಆಡಿದ. "ಅತ್ತೆ, ಅವರು ಮನೇಲಿ ಏನೇನಿದೆ ಅಂತ ಬರ್ಕೊಳಕ್ಕೆ ಬಂದಿದ್ರು. ಕಳ್ಳತನ ಆದ್ರೆ ಅವರೇ ಕೊಡ್ತಾರೆ. ಇದ್ದಿದ್ದೆಲ್ಲಾ ತೋರಿಸ್ಬೇಕಿತ್ತು."

"ಇರಾದ್ನೆಲ್ಲಾ ತೋರ್ಸೋ ಪೆದ್ರು ಎಲ್ಲಾರಾ ಉಂಟಾ ಅಳಿದೇವ್ರೇ?"

ಮೊಮ್ಮಗಳು ದಿಯಾ ನೆಲದ ಮೇಲೆ ಬಿದ್ದು ನಗುತ್ತಿದ್ದಳು. ಹೈಸ್ಕೂಲು ಓದುವ ಹುಡುಗಿ. ಎದ್ದು ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಜ್ಜಿ, ಓ ಮೈ ಗಾಡ್. ನೀನು ಬೇಕು ನಂಗೆ. ಸ್ಕೋಕಿಗೆ ಬಾ."

ಅದೇ ಸಂಜೆ, ಅಡುಗೆ ಮನೆಯಲ್ಲಿ

ದಿಯಾ ಶಾಲೆಯ ಚರ್ಚಾ ತಂಡದವಳು. ಅಲ್ಲಿ ಮಕ್ಕಳಿಗೆ ಜಗಳ ಆಡುವುದನ್ನೂ ಕಲಿಸುತ್ತಾರೆ, ಬಹುಮಾನವನ್ನೂ ಕೊಡುತ್ತಾರೆ. ನಮ್ಮೂರ ನಲ್ಲಿಯ ಹತ್ತಿರ ಇಂಥದ್ದೊಂದು ಸ್ಪರ್ಧೆ ಇಟ್ಟಿದ್ದರೆ ನಮ್ಮ ಬೀದಿಯಲ್ಲಿ ಗೆದ್ದ ಕಪ್ಪುಗಳನ್ನು ಇಡಲು ಜಾಗ ಇರುತ್ತಿರಲಿಲ್ಲ. ಈ ಸಲ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಮಕ್ಕಳೆಲ್ಲ ಸೇರಿ ಹಳೇ ಕಾಲದ ಬಿಲಾತಿಯ ಸಂಸತ್ತು ಆಡುತ್ತಾರಂತೆ. ಒಂದು ಶಾಲೆ ಸರ್ಕಾರ, ಇನ್ನೊಂದು ಶಾಲೆ ವಿರೋಧ. ದಿಯಾಳ ತಂಡ ವಿರೋಧದ ಕಡೆ. ಎರಡು ಕಡೆಯವರೂ ಆ ಕಾಲದ ವೇಷ ಹಾಕಿಸಿ ಒಬ್ಬ ಸಾಕ್ಷಿಯನ್ನು ತರಬಹುದು.

ನಾನು ಚಪಾತಿ ಲಟ್ಟಿಸುವ ಹೊತ್ತಿನಲ್ಲಿ ಅವಳು ನನಗೆ ವಿಷಯ ಹೇಳಿದಳು. ಎರಡು ದೊಡ್ಡ ಯುದ್ಧಗಳ ನಡುವೆ ಬಿಲಾತಿಯಲ್ಲಿ ಗಣಿ, ಹಡಗುಕಟ್ಟೆ, ನೂಲಿನ ಗಿರಣಿ ಒಂದೊಂದಾಗಿ ನಿಂತವಂತೆ. ಕೆಲಸ ಹೋದವರಿಗೆ ಸರ್ಕಾರ ವಾರವಾರ ಭತ್ಯೆ ಕೊಡುತ್ತಿತ್ತು. ಮೊದಲು, ಕೆಲಸ ಹುಡುಕಿದ್ದಕ್ಕೆ ಸಾಕ್ಷಿ ತನ್ನಿ ಎಂದರು. ಇಲ್ಲದ ಕೆಲಸವನ್ನು ಹುಡುಕಿಕೊಂಡು ಗಂಡಸರು ಗೇಟಿನಿಂದ ಗೇಟಿಗೆ ನಡೆದು ಬೂಟು ಸವೆಸಿದರು. ಆಮೇಲೆ ಬೊಕ್ಕಸ ಬರಿದಾಯಿತು. ಕೂಲಿಯವರ ಪರ ಎಂದು ಹೇಳಿಕೊಂಡು ಬಂದ ಸರ್ಕಾರವೇ, ಭತ್ಯೆ ಕಡಿಮೆ ಮಾಡಬೇಕೋ ಬೇಡವೋ ಎಂದು ಒಳಗೊಳಗೇ ಕಿತ್ತಾಡಿ ಬಿದ್ದುಹೋಯಿತು. ಮುಂದೆ ಬಂದದ್ದು ಎಲ್ಲ ಪಕ್ಷದವರನ್ನೂ ಕಲಸಿದ ಹುಳಿಯಂಥ ಸರ್ಕಾರ. ಅದು ಭತ್ಯೆಯನ್ನೂ ಕತ್ತರಿಸಿತು, ಮನೆಮನೆಗೆ ತಪಾಸಣೆಯವನನ್ನೂ ಕಳಿಸಿತು. ಕುರ್ಚಿ ಎಷ್ಟು, ಪಿಯಾನೋ ಇದೆಯಾ, ಮಗಳು ದುಡಿಯುತ್ತಾಳಾ, ಅಜ್ಜಿಗೆ ಪಿಂಚಣಿ ಬರುತ್ತದಾ, ಎಲ್ಲ ಕೇಳಿ ಬರೆದುಕೊಂಡು ಆಮೇಲೆ ಭತ್ಯೆ.

"ಒಂದು ಮನೇಲಿರೋ ಎಲ್ಲಾರ್ದೂ ಒಂದೇ ಪರ್ಸು ಅಂತ ಗವರ್ಮೆಂಟ್ ಹೇಳ್ತು, ಅಜ್ಜಿ. ಮಗಳು ಅರ್ನ್ ಮಾಡಿದ್ರೆ ಅಪ್ಪಂಗೆ ಕಟ್. ಅವಳು ಮನೆ ಬಿಟ್ಟು ಹೋದ್ರೆ ಮಾತ್ರ ಅಪ್ಪಂಗೆ ಸಿಗುತ್ತೆ. ಹೌ ಈಸ್ ದಟ್ ಫೇರ್? ಫ್ಯಾಮಿಲಿಗಳು ಒಡೆದೋದ್ವು!"

"ಒಡ್ಯಾದ್ಯಾಕೆ? ಕಾಗ್ದದಲ್ಲಿ ಬ್ಯಾರೆ, ಊಟಕ್ಕೆ ಒಂದೇ" ಎಂದೆ.

ದಿಯಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಆಗ ಅವಳಪ್ಪ ಒಳಗೆ ಬಂದಿದ್ದ. ರಘುವಿಗೆ ಮಗಳ ಈ ಮಾತಿನ ಹುಚ್ಚು ಹಿಡಿಸದು. ಶನಿವಾರ ಶನಿವಾರ ಅವನು ಅವಳ ಶಾಲೆಯಲ್ಲೇ ಮಕ್ಕಳಿಗೆ ರೋಬೋಟು ಕಟ್ಟುವುದನ್ನು ಹೇಳಿಕೊಡುತ್ತಾನೆ. ಮಗಳೂ ಅಲ್ಲಿಗೇ ಬರಲಿ ಎಂದು ಅವನಿಗೆ ಆಸೆ.

"ನೋಡು ದಿಯಾ, ಹೋದ್ಸಲಾನೂ ಸೋತೆ, ಅದರ ಹಿಂದಿನ ಸಲಾನೂ ಸೋತೆ. ಸ್ಕೋಕೀಲಿ ಗೆದ್ರೆ ನಾನು ಇನ್ಮೇಲೆ ಮಾತಾಡಲ್ಲ. ಸೋತ್ರೆ ಡಿಬೇಟ್ ಬಿಟ್ಟು ರೋಬೋಟಿಕ್ಸ್‌ಗೆ ಬರ್ತೀಯ. ಡೀಲ್?"

ಹುಡುಗಿ ಕೈ ಚಾಚಿದಳು. "ಡೀಲ್."

ಡಿಯರ್‌ಬಾರ್ನ್‌

ನನ್ನ ವೇಷ ಇದು: ಬಿಲಾತಿಯ ಗಣಿ ಊರಿನ ಹೆಂಗಸು. ಗಂಡನಿಗೆ ಗಣಿ ಕೆಲಸ ಹೋಗಿದೆ, ಮಗಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ಅದಕ್ಕೇ ಗಂಡನ ಭತ್ಯೆ ನಿಂತಿದೆ. ಇದಕ್ಕೊಂದು ಹಳೇ ಕೋಟು ಬೇಕಾಯಿತು. ಹಳೇ ಬಟ್ಟೆಯ ಅಂಗಡಿ ಸುಮಿತ್ರಾಳ ಆಫೀಸಿನ ಹತ್ತಿರವೇ ಇರುವುದರಿಂದ ಅವಳೇ ನನ್ನನ್ನು ಡಿಯರ್‌ಬಾರ್ನಿಗೆ ಕರೆದುಕೊಂಡು ಹೋದಳು. ನಮ್ಮಲ್ಲಿ ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುತ್ತಾರೆ. ಇಲ್ಲಿ ಹಳೇ ಬಟ್ಟೆಗೆ ನಾವೇ ದುಡ್ಡು ಕೊಡಬೇಕು. ಕೋಟು ಕರುವಿನಷ್ಟು ತೂಕವಿತ್ತು, ವಾಸನೆಯೂ ಹೆಚ್ಚುಕಡಿಮೆ ಅದೇ.

ಸುಮಿತ್ರಾ ಕಾರಿನ ಸೀಟು ಪರೀಕ್ಷೆ ಮಾಡುವವಳು. ಅದೆಂಥ ಕೆಲಸವೋ ಎಂದು ನನಗೆ ಮೊದಲಿಂದಲೂ ಅನುಮಾನ. ನನಗೆ ತೋರಿಸಲೆಂದೇ ಅಪ್ಪಣೆ ಪಡೆದು ಒಳಗೆ ಕರೆದುಕೊಂಡು ಹೋದಳು. ಅಲ್ಲಿ ಕಂಡದ್ದನ್ನು ಊರಿನಲ್ಲಿ ಯಾರೂ ನಂಬುತ್ತಿಲ್ಲ. ಒಂದು ದೊಡ್ಡ ಯಂತ್ರ, ಅದರ ತುದಿಗೆ ಮನುಷ್ಯನ ಅಂಡು. ಬರೀ ಅಂಡು. ತಲೆ ಇಲ್ಲ, ಕಾಲಿಲ್ಲ. ಅದು ಸೀಟಿನ ಮೇಲೆ ಕೂರುತ್ತದೆ, ಅಲ್ಲಾಡುತ್ತದೆ, ಏಳುತ್ತದೆ, ಮತ್ತೆ ಕೂರುತ್ತದೆ. ಬೆಳಗಿನಿಂದ ಸಂಜೆತನಕ ಅಷ್ಟೇ.

"ಇದ್ಕೆ ನಿನ್ನ ಎಂಜಿನಿಯರ್ ಓದ್ಸಿದ್ನಾ?" ಎಂದೆ.

"ಸುಮ್ನಿರಮ್ಮಾ. ಸೀಟು ಹತ್ತು ವರ್ಷ ಬಾಳುತ್ತಾ ಅಂತ ನೋಡೋದು."

"ನಿಮ್ಮಪ್ಪ ಜಗಲಿ ಮೇಲೆ ಇದೇ ಕೆಲ್ಸಾನ ಪುಕ್ಕಟೆ ಮಾಡ್ತಿದ್ದ."

ಸುಮಿತ್ರಾ ನಕ್ಕಳು. ಆಮೇಲೆ ಕಾರಿನಲ್ಲಿ ನನಗೆ ಬುದ್ಧಿ ಹೇಳಿದಳು. ಸ್ಪರ್ಧೆಯ ದಿನ, ಶನಿವಾರ, ಅವಳಿಗೆ ಕೆಲಸವಿತ್ತು, ಸ್ಕೋಕಿಗೆ ಬರುವಂತಿರಲಿಲ್ಲ. "ಅಮ್ಮಾ, ದಿಯಾ ಹೇಳ್ಕೊಟ್ಟಿದ್ದನ್ನ ಮಾತ್ರ ಹೇಳು. ಸ್ವಂತದ್ದು ಸೇರಿಸ್ಬೇಡ. ಅವಳಿಗೆ ಮಾತೇ ಪ್ರಾಣ, ರಘುಗೆ ಅದು ಗೊತ್ತಾಗಲ್ಲ. ಸೋತ್ರೆ ಅವಳು ನಿಜವಾಗ್ಲೂ ಬಿಡ್ತಾಳೆ. ಕೊಟ್ಟ ಮಾತಿಗೆ ತಪ್ಪಲ್ಲ ಆ ಹುಡುಗಿ."

"ನಾನೇನು ನಿನ್ನೆ ಹುಟ್ಟಿದ್ನಾ?" ಎಂದೆ.

ಹೆದ್ದಾರಿಯಲ್ಲಿ

ಶುಕ್ರವಾರ ಹೊರಟೆವು. ರಘು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ದಿಯಾ ಹಿಂದೆ. ಅಮೇರಿಕಾದ ಹೆದ್ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ಎಮ್ಮೆ ಅಡ್ಡ ಬರುವುದಿಲ್ಲ, ಕಬ್ಬಿನ ಗಾಡಿ ಮಗುಚುವುದಿಲ್ಲ, ಎಳನೀರಿನವನು ಕೈ ಅಡ್ಡ ಹಾಕುವುದಿಲ್ಲ. ಬರೀ ಹಸಿರು ಹಲಗೆಗಳು, ಎಕ್ಸಿಟ್ ಅದು, ಎಕ್ಸಿಟ್ ಇದು. ಊರುಗಳನ್ನೆಲ್ಲ ಎಲ್ಲೋ ಬಚ್ಚಿಟ್ಟು ದಾರಿಯನ್ನು ಮಾತ್ರ ತೋರಿಸುತ್ತಾರೆ. ಇವರೂ ನಮ್ಮ ಹಾಗೇ ಯಾವುದೋ ತನಿಖೆಗೆ ಹೆದರಿದ್ದಾರೆ ಅನ್ನಿಸಿತು.

ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಅಳಿಯನ ಕಾಲು ಎರಡೂ ನೆಲದ ಮೇಲಿವೆ, ಕಾರು ಮಾತ್ರ ಓಡುತ್ತಿದೆ. "ಅಯ್ಯೋ ಕಾಲು! ಕಾಲಿಡಿ ಅಳಿದೇವ್ರೇ!" ಎಂದು ಕಿರುಚಿ ಅವನ ತೊಡೆಗೆ ಬಾರಿಸಿದೆ. ಕಾರು ಅಡ್ಡಾದಿಡ್ಡಿ ಹೋಗಿ, ಪಕ್ಕದ ಲಾರಿಯವನು ಹಡಗಿನ ಹಾಗೆ ಹಾರನ್ನು ಹೊಡೆದ.

"ಅತ್ತೆ! ಅದು ಕ್ರೂಸ್ ಕಂಟ್ರೋಲು. ತಾನಾಗೇ ಹೋಗುತ್ತೆ!"

"ತಾನಾಗೇ ಹೋಗಂಗಿದ್ರೆ ನೀವ್ಯಾಕೆ ಮುಂದ್ಗಡೆ ಕೂತಿದ್ದೀರಿ?"

ನಡುವೆ ಕಾಲು ಚಾಚಲು ಒಂದು ಕಡೆ ನಿಂತೆವು. ಕಕ್ಕಸು ದೇವಸ್ಥಾನದಷ್ಟು ಚೊಕ್ಕಟ. ಆದರೆ ಎದ್ದರೆ ನೀರು, ಬಗ್ಗಿದರೆ ನೀರು, ಸೀರೆ ಸರಿಮಾಡಿಕೊಂಡರೆ ನೀರು. ಯಾರೋ ಗೋಡೆಯ ಹಿಂದೆ ಕೂತು ನನ್ನನ್ನೇ ನೋಡಿಕೊಂಡು ಬಿಡುತ್ತಿದ್ದ ಹಾಗಿತ್ತು. ಕೈ ತೊಳೆಯಲು ಹೋದರೆ ನಲ್ಲಿ ಸುಮ್ಮನಿತ್ತು. ಪಕ್ಕದ ಬಿಳಿ ಹೆಂಗಸು ಕೈಯಾಡಿಸಿದರೆ ಬರುತ್ತಿತ್ತು, ನಾನು ಆಡಿಸಿದರೆ ಇಲ್ಲ. ಕೊನೆಗೆ ಅವಳೇ ತನ್ನ ನೀರಿನಲ್ಲಿ ನನಗೆ ಪಾಲು ಕೊಟ್ಟಳು. ಇಬ್ಬರೂ ಒಂದೇ ನಲ್ಲಿಯಲ್ಲಿ ಕೈ ತೊಳೆದು ನಕ್ಕೆವು. ನೀರಿಗಾಗಿ ಕಿತ್ತಾಡದೆ ನಲ್ಲಿಯಿಂದ ಬಂದದ್ದು ನನ್ನ ಜೀವಮಾನದಲ್ಲೇ ಮೊದಲು.

ಮತ್ತೆ ಕಾರಿನಲ್ಲಿ ದಿಯಾ ನನ್ನಿಂದ ಪಾಠ ಒಪ್ಪಿಸಿಕೊಂಡಳು. "ಮಗಳು ಎಲ್ಲಿದಾಳೆ, ಅಜ್ಜಿ?"

"ನಮ್ಮ ಜೊತೇಲೇ ಅವ್ಳೆ. ಅವ್ಳ ಸಂಬ್ಳದಲ್ಲೇ ಉಣ್ತೀವಿ. ನನ್ನ ಗಂಡ ಅವ್ಳ ಮುಖ ನೋಡಾಕೂ ನಾಚ್ಕೋತಾನೆ."

"ಪರ್ಫೆಕ್ಟ್! ಅಳು ಬಂದ್ರೆ ಅಳು."

"ಅದೆಲ್ಲಾ ನಂಗೆ ಬರಕಿಲ್ಲ."

ರಘು ಮುಂದೆ ನೋಡಿಕೊಂಡೇ ಹೇಳಿದ. "ನಂಗೇನೋ ಆ ಗವರ್ಮೆಂಟ್ ಹೇಳಿದ್ದೇ ಸರಿ ಅನ್ಸುತ್ತೆ. ಮನೆ ಅಂದ್ಮೇಲೆ ಎಲ್ಲಾ ಒಂದೇ. ಮಗಳು ದುಡಿದ್ರೆ ಅಪ್ಪಂಗೆ ಊಟ ಹಾಕಲ್ವಾ? ಫ್ಯಾಮಿಲಿ ಈಸ್ ಒನ್ ಯೂನಿಟ್."

"ನೋಟೆಡ್, ಅಪ್ಪಾ" ಎಂದಳು ದಿಯಾ.

ಶಿಕಾಗೋವನ್ನು ಕಾರಿನ ಕಿಟಕಿಯಲ್ಲಿ ನೋಡಿದೆ. ಕತ್ತು ನೋಯಿತು. ಇನ್ನೊಂದು ವಿಚಿತ್ರ, ಅಲ್ಲಿ ಗಡಿಯಾರ ನೋವೈಗಿಂತ ಒಂದು ಗಂಟೆ ಹಿಂದೆ. ದಾರಿಯಲ್ಲಿ ಒಂದು ಗಂಟೆ ಪುಕ್ಕಟೆ ಸಿಕ್ಕಿತು. ಹಿಂದಿರುಗುವಾಗ ವಾಪಸು ಕಿತ್ತುಕೊಳ್ಳುತ್ತಾರಂತೆ. ಅಮೇರಿಕಾದವರು ಕೊಡುವುದೆಲ್ಲ ಹೀಗೇ.

ಸ್ಕೋಕಿ, ಡಾಕ್ಟರಮ್ಮನ ಮನೆ

ರಾತ್ರಿ ತಂಗಿದ್ದು ಡಾಕ್ಟರ್ ವಸಂತಾ ಅವರ ಮನೆಯಲ್ಲಿ. ಮೈಸೂರಿನವರು, ಆಪರೇಷನ್‌ಗೆ ಮುಂಚೆ ಜನರನ್ನು ಮಲಗಿಸುವ ಡಾಕ್ಟರು. ಮಾತೂ ಹಾಗೇ, ಕೇಳುತ್ತಿದ್ದರೆ ಕಣ್ಣೆಳೆಯುತ್ತದೆ. ನನ್ನ ಕನ್ನಡವನ್ನು ಸಭೆಗೆ ಇಂಗ್ಲಿಷಿನಲ್ಲಿ ಹೇಳುವವರು ಅವರೇ ಎಂದು ಎರಡು ಕಡೆಯವರೂ ಒಪ್ಪಿದ್ದರು.

"ಕೆಂಪಮ್ಮನವರೇ, ಗಾಬರಿ ಮಾಡ್ಕೋಬೇಡಿ. ಮಕ್ಕಳಾಟ" ಎಂದರು ಇಡ್ಲಿ ಬಡಿಸುತ್ತಾ.

"ಗಾಬ್ರಿ ನಂಗ್ಯಾಕೆ? ನಿಮ್ ಇಡ್ಲಿ ನೋಡಿ ಗಾಬ್ರಿ ಆಯ್ತು ಅಷ್ಟೇಯ. ಗೋಡೆಗೆ ಹೊಡುದ್ರೆ ವಾಪಸ್ ಬತ್ತದೆ."

ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಉದ್ದು ಸ್ವಲ್ಪ ಕಮ್ಮಿ ಆಯ್ತೇನೋ" ಎಂದರು. ದಿಯಾ ಇಡ್ಲಿ ಮುಟ್ಟಲೇ ಇಲ್ಲ. ಗೋಡೆಗೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಾ ಭಾಷಣ ಹೇಳಿಕೊಳ್ಳುತ್ತಿದ್ದಳು.

ಸ್ಕೋಕಿ, ಸಂಸತ್ತು

ಶಾಲೆಯ ನಾಟಕದ ಮಂಟಪದಲ್ಲಿ ಎರಡು ಕಡೆ ಬೆಂಚು. ನಡುವೆ ನ್ಯಾಯ ಹೇಳುವವಳು, ಕೋಲು ಹಿಡಿದ ಎತ್ತರದ ಮುದುಕಿ, ನಿವೃತ್ತ ಮೇಡಮ್ಮು. ನನಗಿಂತ ಹಿರಿಯಳು, ನನಗಿಂತ ಗಟ್ಟಿ. ವೇದಿಕೆಯ ಒಂದು ಮೂಲೆಯಲ್ಲಿ ನನ್ನ ಬಿಲಾತಿ ಮನೆ: ಒಂದು ಮೇಜು, ಒಂದು ಕುರ್ಚಿ, ಎರಡು ಚಹಾ ಬಟ್ಟಲು, ಗೂಟದ ಮೇಲೆ ಹುಡುಗಿಯೊಬ್ಬಳ ಕೆಂಪು ಕೋಟು, ರಟ್ಟಿನಲ್ಲಿ ಬರೆದ ಪಿಯಾನೋ. ನಾನು ಕರುವಿನ ತೂಕದ ಕೋಟಿನೊಳಗೆ ಬೆವರುತ್ತಾ ಕೂತಿದ್ದೆ.

ಸರ್ಕಾರದ ಕಡೆ ಸ್ಕೋಕಿ ಶಾಲೆಯ ರೇಚಲ್ ಎಂಬ ಹುಡುಗಿ, ಹಲ್ಲಿಗೆ ತಂತಿ ಕಟ್ಟಿದವಳು. ತಂತಿಯಿದ್ದರೂ ಮಾತು ಸಿಕ್ಕಿಕೊಳ್ಳುತ್ತಿರಲಿಲ್ಲ. ಡಾಕ್ಟರಮ್ಮ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಬೊಕ್ಕಸ ಬರಿದಾಗಿದೆ, ಸಾಲ ಕೊಡುವವರು ಖರ್ಚು ಇಳಿಸಿ ಎನ್ನುತ್ತಿದ್ದಾರೆ. ಒಂದು ಮನೆಯಲ್ಲಿ ನಾಲ್ಕು ಜನ ದುಡಿದು ಐದನೆಯವನಿಗೂ ಭತ್ಯೆ, ಪಕ್ಕದ ಮನೆಯಲ್ಲಿ ಯಾರಿಗೂ ಅನ್ನವಿಲ್ಲ, ಇದು ನ್ಯಾಯವೇ? ನೋಡಿಯೇ ಕೊಡಬೇಕು. ಸರಿ ಅನ್ನಿಸಿತು.

ದಿಯಾ ಎದ್ದಳು. ಮೊದಲ ಮಾತಿಗೆ ದನಿ ನಡುಗಿತು, ಎರಡನೆಯದಕ್ಕೆ ಗಟ್ಟಿಯಾಯಿತು, ಮೂರನೆಯದಕ್ಕೆ ಅವಳೇ ಬೇರೆಯಾದಳು. ಇಷ್ಟು ವರ್ಷ ಗಣಿಯಲ್ಲಿ ದುಡಿದವನು ಇವತ್ತು ಮಗಳ ಬಟ್ಟಲಿನಲ್ಲಿ ಕೈ ಹಾಕಬೇಕೇ? ಅಪ್ಪನ ಅನ್ನ ಅಳೆಯಲು ಮಗಳನ್ನು ತಕ್ಕಡಿ ಮಾಡುತ್ತೀರಾ? ಬೀದಿಯಲ್ಲಿ ಎಲ್ಲರೂ ನೋಡುತ್ತಿರುವಾಗ ಬೀರು ತೆಗೆಸುತ್ತೀರಾ? ಮುಂದಿನ ಸಾಲಿನಲ್ಲಿ ರಘು ಬಾಯಿ ತೆರೆದುಕೊಂಡು ಕೂತಿದ್ದ. ದಿಯಾ ಹೇಳಿದ್ದೂ ಸರಿ ಅನ್ನಿಸಿತು ನನಗೆ. ಪಂಚಾಯಿತಿ ಕಟ್ಟೆಯಲ್ಲೂ ನನಗೆ ಹೀಗೇ ಆಗುತ್ತದೆ, ಕೊನೆಗೆ ಮಾತಾಡಿದವರದ್ದೇ ನ್ಯಾಯ.

ಆಮೇಲೆ ಸಾಕ್ಷಿ. ತಪಾಸಣೆಯವನ ವೇಷ ರೇಚಲ್‌ಳದ್ದೇ. ಕರೀ ಟೋಪಿ, ಕರೀ ಕೋಟು ಹಾಕಿಕೊಂಡು ಬಂದಳು. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಕೈಯಲ್ಲಿ ಹಲಗೆ ಹಿಡಿದಿದ್ದಳು. ಅದರ ಮೇಲೆ ಪೆನ್ನಿಟ್ಟ ಕೂಡಲೇ ನನ್ನ ಹೊಟ್ಟೆಯೊಳಗೆ ಮಳವಳ್ಳಿ ಎದ್ದು ಕೂತಿತು.

"ಮನೇಲಿ ಯಾರ್ಯಾರಿದೀರ ಅಂತ ಕೇಳ್ತಿದಾಳೆ" ಎಂದರು ಡಾಕ್ಟರಮ್ಮ.

"ನಾನೊಬ್ಳೇ."

ಎದುರು ಬೆಂಚಿನಲ್ಲಿ ದಿಯಾಳ ಪೆನ್ನು ಕೆಳಗೆ ಬಿತ್ತು.

"ಮಗಳು ಇಲ್ವಾ ಅಂತ."

"ಯಾವ ಮಗ್ಳು? ಅವ್ಳು ಬ್ಯಾರೆ ಒಲೆ ಹೂಡಿ ಬೋ ದಿನ ಆಯ್ತು. ನಂಗೂ ಅವ್ಳ್ಗೂ ಮಾತೇ ಇಲ್ಲ."

"ಹಾಗಾದ್ರೆ ಆ ಕೆಂಪು ಕೋಟು ಯಾರದ್ದು?"

"ಗಾಳಿಗೆ ಹಾರ್ಕಂಡ್ ಬಂತು."

ಜನ ನಗತೊಡಗಿದರು. ರೇಚಲ್ ಬಿಡುವವಳಲ್ಲ. ಬಟ್ಟಲು ಎತ್ತಿ ತೋರಿಸಿದಳು. ಒಬ್ಬಳೇ ಇರುವವಳಿಗೆ ಎರಡು ಬಟ್ಟಲು ಯಾಕೆ?

"ಒಂದು ಒಡ್ದೋಗದೆ."

ರೇಚಲ್ ಬಟ್ಟಲನ್ನು ತಿರುಗಿಸಿ ತಿರುಗಿಸಿ ಎಲ್ಲರಿಗೂ ತೋರಿಸಿದಳು. ಒಂದು ಬಿರುಕೂ ಇರಲಿಲ್ಲ.

"ಒಳ್ಗಡೆಯಿಂದ ಒಡ್ದೋಗದೆ."

ಡಾಕ್ಟರಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಗು ಬಂದು ಅವರ ದನಿಯೇ ಒಡೆಯಿತು. ರೇಚಲ್ ಪಿಯಾನೋದ ಕಡೆ ಕೈ ತೋರಿಸಿದಳು. ನಾನು ಎದ್ದು ಹೋಗಿ ಬೆರಳಿನಿಂದ ಬಡಿದೆ. "ನೋಡವ್ವ ಬೇಕಾರೆ. ಬರೀ ರಟ್ಟು." ಅದೊಂದು ಮಾತು ನಿಜವಿತ್ತು.

ಮಂಟಪ ಬಿದ್ದುಹೋಗುವಂತೆ ನಗು. ಕೋಲಿನ ಮುದುಕಿ ಮೇಜು ಕುಟ್ಟಿ ಸದ್ದಡಗಿಸಿದಳು. ರೇಚಲ್ ಕೊನೆಯ ಪ್ರಶ್ನೆ ಕೇಳಿದಳು. ನಿಮ್ಮ ಯಜಮಾನರು ಎಲ್ಲಿ?

ದಿಯಾ ಎರಡೂ ಕೈ ಜೋಡಿಸಿ ನನ್ನನ್ನೇ ನೋಡುತ್ತಿದ್ದಳು. ಅದನ್ನು ನಾನು ಕಂಡೆ. ಆದರೆ ತನಿಖೆಯವರ ಮುಂದೆ ವಿಧವೆ ಎಂದರೆ ಕೆಲಸ ಬೇಗ ಆಗುತ್ತದೆ ಎಂಬುದು ನನ್ನ ನಾಲಗೆಗೆ ಗೊತ್ತು. ಮೇಲಾಗಿ ಅದು ಸತ್ಯವೂ ಹೌದು.

"ಸತ್ತು ಬೋ ವರ್ಷ ಆಯ್ತು ಕಣವ್ವ."

ಡಾಕ್ಟರಮ್ಮ ಇದನ್ನು ಬಹಳ ಮೆತ್ತಗೆ ಹೇಳಿರಬೇಕು. ಜನ ಅಯ್ಯೋ ಅಂದರು. ರೇಚಲ್ ಕೂಡ ಅಭ್ಯಾಸಕ್ಕೆ "ಸಾರಿ" ಅಂದಳು. ಆಮೇಲೆ ಅವಳ ಕಣ್ಣು ಮಿಂಚಿತು. ಭತ್ಯೆಗೆ ಅರ್ಜಿ ಹಾಕಿರುವವರೇ ಇವರ ಯಜಮಾನರು, ಸತ್ತವರಿಗೆ ಕೆಲಸ ಹೋಗುವುದು ಹೇಗೆ ಎಂದು ಕೇಳಿದಳು.

"ಸತ್ಮೇಲೂ ಕೆಲ್ಸ ಇದ್ದದಾ?" ಎಂದೆ.

ಅಲ್ಲಿಗೆ ಮುಗಿಯಿತು. ರೇಚಲ್ ಸಭೆಯ ಕಡೆ ತಿರುಗಿ ಟೋಪಿ ತೆಗೆದಳು. ತಪಾಸಣೆ ಯಾಕೆ ಬೇಕು ಎಂದು ನಾನಿನ್ನು ಹೇಳಬೇಕಾಗಿಲ್ಲ ಎಂದು ಕೂತುಬಿಟ್ಟಳು.

ಕೋಲಿನ ಮುದುಕಿ ಕಣ್ಣೊರೆಸಿಕೊಂಡು ತೀರ್ಪು ಹೇಳಿದಳು. ಈ ಹೆಂಗಸಿನ ಒಂದು ಮಾತನ್ನೂ ನಾನು ನಂಬುವುದಿಲ್ಲ, ಆದರೆ ಆ ಕಾಲದಲ್ಲಿ ನಾನಿದ್ದಿದ್ದರೆ ಭತ್ಯೆ ಕೊಟ್ಟು ಕೈ ಮುಗಿಯುತ್ತಿದ್ದೆ ಎಂದಳು. ಇವತ್ತು ಎಲ್ಲರಿಗಿಂತ ಚೆನ್ನಾಗಿ ವಾದಿಸಿದವಳು ನೋವೈಯ ದಿಯಾ. ಆದರೆ ಅವಳ ಅರ್ಜಿದಾರನನ್ನು ಅವಳ ಸಾಕ್ಷಿಯೇ ಕೊಂದುಹಾಕಿದಳು. ಗೆದ್ದದ್ದು ಸ್ಕೋಕಿ.

ಹಿಂದಿರುಗುವ ದಾರಿ

ದಿಯಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಳು. ಇಂಡಿಯಾನಾ ರಾಜ್ಯ ಬಂತು, ಹೋಯಿತು; ಒಂದು ಮಾತಿಲ್ಲ. ಅವಳ ಬಾಯಿ ಮುಚ್ಚಿದರೆ ಆ ಕಾರಿನಲ್ಲಿ ಎಷ್ಟು ಸದ್ದುಗಳಿವೆ ಎಂದು ತಿಳಿಯಿತು. ರಘು ಮೊದಮೊದಲು ಗೆದ್ದವನ ಹಾಗೆ ಕೂತಿದ್ದ. ಆಮೇಲೆ ಕನ್ನಡಿಯಲ್ಲಿ ಹಿಂದೆ ಹಿಂದೆ ನೋಡತೊಡಗಿದ.

"ದಿಯಾ, ಫ್ರೈಸ್ ತಗೊಳೋಣ್ವಾ?"

"ನೋ, ಥ್ಯಾಂಕ್ಸ್."

"ಡೀಲ್ ಈಸ್ ಡೀಲ್, ಪುಟ್ಟಾ. ನೀನೇ ಒಪ್ಪಿದ್ದು."

"ಐ ನೋ. ಬರ್ತೀನಿ ಅಂದ್ನಲ್ಲ."

ಹುಡುಗಿ ಜಗಳವನ್ನೇ ಆಡದೆ ಸೋಲೊಪ್ಪಿದ್ದು ನನಗೆ ಸರಿಬರಲಿಲ್ಲ. ಅಂಥವರನ್ನು ನಮ್ಮ ವಂಶದಲ್ಲಿ ನಾನು ಕಂಡಿಲ್ಲ.

"ಅಳಿದೇವ್ರೇ, ಸೋತೋಳು ನಾನು. ಆ ಮೇಡಮ್ಮೇ ಹೇಳ್ಲಿಲ್ವಾ? ರೋಬೋಟು ತಾವ್ಕೆ ನಾನೇ ಬತ್ತೀನಿ, ಅವ್ಳ ಬಿಟ್ಬುಡಿ."

ರಘು ನಕ್ಕ. "ಅತ್ತೆ, ಡೀಲ್ ಮಾಡಿದ್ದು ದಿಯಾ ಜೊತೆ. ಅವಳ ಬದಲು ನೀವು ಹೆಂಗ್ ಬರ್ತೀರಾ?"

ಹಿಂದೆ ಸೀಟಿನ ಬೆಲ್ಟು ಕಿರ್ರೆಂದಿತು. ದಿಯಾ ಮುಂದಕ್ಕೆ ಬಾಗಿದ್ದಳು.

"ವೇಟ್. ಅಪ್ಪಾ, ಮನೆ ಅಂದ್ಮೇಲೆ ಎಲ್ಲಾ ಒಂದೇ ಅಂದೆ ನೀನು ಬರೋವಾಗ. ಫ್ಯಾಮಿಲಿ ಈಸ್ ಒನ್ ಯೂನಿಟ್. ಯೆಸ್ ಆರ್ ನೋ?"

"ಅಂದೆ. ಅದಕ್ಕೂ ಇದಕ್ಕೂ..."

"ಯೆಸ್ ಆರ್ ನೋ?"

"ಯೆಸ್."

"ಒಬ್ಬರು ದುಡಿದ್ರೆ ಎಲ್ಲಾರೂ ದುಡಿದ ಹಾಗೆ ಅಂದ್ರೆ, ಅಜ್ಜಿ ರೋಬೋಟಿಕ್ಸ್‌ಗೆ ಬಂದ್ರೆ ನಾನು ಬಂದ ಹಾಗೇ. ಡೀಲ್ ಡನ್. ಇಲ್ಲ, ನಾವು ಬೇರೆ ಬೇರೆ ಅಂತೀಯಾ? ಹಾಗಾದ್ರೆ ನನ್ನ ಸ್ಯಾಟರ್ಡೇನ ಬೆಟ್‌ಗೆ ಇಡು ಅಂತ ಕೇಳಕ್ಕೆ ನಿಂಗೆ ರೈಟೇ ಇರ್ಲಿಲ್ಲ. ಪಿಕ್ ಒನ್."

ರಘು ಯೋಚಿಸಿದ. ಅಷ್ಟರಲ್ಲಿ ನಮ್ಮ ಎಕ್ಸಿಟ್ ಹಿಂದೆ ಹೋಯಿತು. ಯಾವುದೋ ಹಣ್ಣಿನ ತೋಟಗಳ ನಡುವಿನ ಊರಿಗೆ ಹೋಗಿ ಕಾರು ತಿರುಗಿಸಿಕೊಂಡು ಬರಬೇಕಾಯಿತು.

"ಥರ್ಡ್ ಆಪ್ಷನ್ ಇಲ್ವಾ?" ಎಂದ ತಿರುಗಿಸುತ್ತಾ.

"ನೋ."

"ಇದೇ ಮಾತು ಅಲ್ಲಿ ಆಡಿದ್ರೆ ಗೆಲ್ತಿದ್ಯಲ್ಲೇ."

"ಅಲ್ಲೂ ಆಡಿದೆ, ಅಪ್ಪಾ. ಅಜ್ಜಿ ಗಂಡನ್ನೇ ಸಾಯಿಸ್ಬಿಟ್ರು."

ರಘು ತಡೆಯಲಾರದೆ ನಕ್ಕ. ನಗುತ್ತಾ ನಗುತ್ತಾ ಕಾರನ್ನು ದಾರಿಯ ಅಂಚಿಗೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡ. "ಸರಿ ಕಣೆ. ಒನ್ ಯೂನಿಟ್. ಅತ್ತೆ, ಸ್ಯಾಟರ್ಡೇ ಒಂಬತ್ತಕ್ಕೆ ರೆಡಿ ಇರಿ" ಎಂದ.

ಆಮೇಲೆ ನೋವೈ ತಲುಪುವತನಕ ದಿಯಾ ಬಾಯಿ ಮುಚ್ಚಲಿಲ್ಲ. ತಲೆನೋವು ಬಂತು.

ನೋವೈ, ಶನಿವಾರ

ರೋಬೋಟಿನ ಕೋಣೆಯಲ್ಲಿ ನನಗೊಂದು ಕನ್ನಡಕ ಹಾಕಿಸಿದರು, ಕಣ್ಣಿಗೆ ಏನೂ ಸಿಡಿಯದ ಹಾಗೆ. ಮಕ್ಕಳು ನನ್ನನ್ನು ದಿಯಾ ಎಂದೇ ಹಾಜರಿ ಹಾಕಿಕೊಂಡರು. ನನಗೆ ಕೊಟ್ಟ ಕೆಲಸ ಸಣ್ಣ ತಿರುಪು, ದೊಡ್ಡ ತಿರುಪು ಬೇರೆ ಮಾಡುವುದು. ರಾಗಿಯಲ್ಲಿ ಕಲ್ಲು ಆರಿಸಿದವಳಿಗೆ ಅದೇನು ಮಹಾ. ಪಕ್ಕದ ಕೋಣೆಯಲ್ಲಿ ಚರ್ಚೆಯವರು ಸೇರಿದ್ದರು. ಗೋಡೆಯಾಚೆ ದಿಯಾ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿರುವುದು ಇಲ್ಲಿಗೇ ಕೇಳುತ್ತಿತ್ತು.

ಅವರ ರೋಬೋಟು ನೆಲದ ಮೇಲಿನ ಬಳೆಯೊಂದನ್ನು ಎತ್ತಿ ಗೂಟಕ್ಕೆ ಹಾಕಬೇಕಾಗಿತ್ತು. ಅದು ಬಳೆಯನ್ನು ಬಿಟ್ಟು ಗೋಡೆಯ ಹತ್ತಿರ ಹೋಗಿ ಗೋಡೆಯನ್ನೇ ನೂಕುತ್ತಾ ನಿಂತಿತು. ರಘು ಮಂಡಿಯೂರಿ ಕೂತು, ಕೋಪವಿಲ್ಲದೆ, ಗುಂಡಿ ಒತ್ತಿ ಒತ್ತಿ ಹೇಳಿದ್ದನ್ನೇ ಅದಕ್ಕೆ ಮತ್ತೆ ಮತ್ತೆ ಹೇಳಿಕೊಟ್ಟ. ಅದು ಮತ್ತೆ ಮತ್ತೆ ತಪ್ಪು ಮಾಡಿತು. ಆದರೆ ಯೆಸ್ ಆರ್ ನೋ ಎಂದು ಒಂದು ಸಲವೂ ಅವನನ್ನು ಕೇಳಲಿಲ್ಲ. ಅಳಿಯನಿಗೆ ಈ ರೋಬೋಟುಗಳೆಂದರೆ ಯಾಕಷ್ಟು ಪ್ರಾಣ ಎಂದು ನನಗೆ ಆಗ ತಿಳಿಯಿತು.